ದಕ್ಷಿಣಕ್ಕೆ ಮುಖ ಮಾಡಿ ಪಡೆದ ಸರ್ಟಿಫಿಕೇಟು

ಸೋಲಾರ್ ಪ್ಯಾನೆಲ್ ಕೂರಿಸುವವನ ಸರ್ಟಿಫಿಕೇಟಿಗೆ ನಾನು ತೆತ್ತ ಬೆಲೆ ಇದು: ಒಂದು ವೈಂಡಿಂಗ್ ಯಂತ್ರ, ಒಂದು ಸೀಸನ್ನಿನ ಗಿರಾಕಿಗಳು, ಮತ್ತು ಚಿತ್ತಾಪುರದ ಒಬ್ಬ ನಿವೃತ್ತ ಟೀಚರ ಮನೆಯಲ್ಲಿ ಕೆಟ್ಟು ಕೂತಿದ್ದ ಸಾಮಾನುಗಳಿಗೆಲ್ಲ ಬಿಟ್ಟಿ ರಿಪೇರಿ. ಫೀಸಿನ ಮಾತು ಬೇರೆ. ಅದು ಎಲ್ಲರಿಗೂ ಒಂದೇ, ಚೌಕಾಶಿಗೆ ಜಾಗವಿರಲಿಲ್ಲ. ಇರಬಹುದೇನೋ ಎಂದು ಎರಡು ಸಲ ಕೇಳಿಯೂ ನೋಡಿದ್ದೆ.

ಯಾಕೆ ತೆತ್ತೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸೇಡಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಂದರೆ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುವ ಕೆಲಸ. ಅದನ್ನು ನನಗೆ ಯಾರೂ ಕೂತು ಕಲಿಸಲಿಲ್ಲ, ಸುಟ್ಟ ಮೋಟರುಗಳೇ ಕಲಿಸಿದವು. ಆದರೆ ಈಚೆಗೆ ಗಿರಾಕಿಗಳು ಮೋಟರನ್ನು ಕಟ್ಟೆಯ ಮೇಲೆ ಇಡುತ್ತಲೇ ಬೇರೆ ಮಾತು ಎತ್ತುತ್ತಿದ್ದರು. "ಇದು ಹ್ಯಾಂಗೂ ಆಗ್ತದ ಬಿಡ್ರಿ. ಸೋಲಾರ್ ಹಾಕ್ತೀರೇನು, ಅದು ಹೇಳ್ರಿ." ಹಾಕಲು ಬರುತ್ತಿತ್ತು, ಆದರೆ ಹಾಕುವಂತಿರಲಿಲ್ಲ. ಸಬ್ಸಿಡಿ ಇರುವ ಕೆಲಸ ಹಿಡಿಯುವ ನಮ್ಮ ಕಡೆಯ ಗುತ್ತಿಗೆದಾರ ಸರ್ಟಿಫಿಕೇಟು ಇದ್ದವರ ಹೆಸರನ್ನಷ್ಟೇ ಬರೆಸುತ್ತಿದ್ದ. ಕೋಡ್ಲಾದಲ್ಲಿ ಒಂದು ಮನೆಗೆ ನಾನೇ ಮಾತಾಡಿ ಒಪ್ಪಿಸಿದೆ, ನಾನೇ ಏಣಿ ಹೊತ್ತೆ, ನಾನೇ ವೈರ್ ಎಳೆದೆ. ಸರ್ಟಿಫಿಕೇಟು ಇದ್ದವನು ಕೊನೆಗೆ ಬಂದು ಸಹಿ ಹಾಕಿ ಊಟದ ಹೊತ್ತಿಗೆ ಹೊರಟುಹೋದ. ಸಹಿಗೆ ಸಿಕ್ಕಿದ್ದು ಬೆವರಿಗೆ ಸಿಗಲಿಲ್ಲ. ಆ ಸಹಿ ನನ್ನದೇ ಆಗಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಅಂಗಡಿಯಲ್ಲಿದ್ದ ಎರಡು ಯಂತ್ರಗಳಲ್ಲಿ ಒಳ್ಳೆಯದನ್ನೇ ಮಾರಿದೆ, ಯಾಕೆಂದರೆ ಕೆಟ್ಟದ್ದನ್ನು ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅದು ಮೂರು ಗಾಲಿಯ ಟಂಟಂ ಗಾಡಿ ಹತ್ತುವುದನ್ನು ನೋಡಿದಳು. "ಇದ್ದ ಯಂತ್ರ ಮಾರಿ ಬಿಸಿಲು ಕೊಳ್ಳಾಕ ಹೊಂಟೀರಿ. ನಮ್ಮ ಊರಾಗ ಅದಕ್ಕೇನು ಕಡಿಮಿ ಅದಂತ?" ಎಂದಳು. ಅವಳ ಕೈಯಲ್ಲೇ ಬುತ್ತಿ ಕಟ್ಟಿಸಿಕೊಂಡು ಹೊರಟೆ.

ತರಬೇತಿ ಕೇಂದ್ರ ಇದ್ದದ್ದು ಶಹಾಬಾದಿನಲ್ಲಿ. ಬೆಳಗಿನ ಪ್ಯಾಸೆಂಜರ್ ಹಿಡಿದು ವಾಡಿಗೆ, ಅಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ. ಬ್ಯಾಚಿನಲ್ಲಿ ಎಲ್ಲರಿಗಿಂತ ವಯಸ್ಸಾದವನು ನಾನೇ. ನನ್ನ ಬೆಂಚಿನ ಜೊತೆಗಾತಿ ತೆಲುಗು ಗಡಿಯ ಕುಂಚಾವರಂ ಕಡೆಯ ಒಬ್ಬಳು. ಎರಡು ಮಕ್ಕಳ ತಾಯಿ, ಐ.ಟಿ.ಐ. ಮುಗಿಸಿದವಳು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುವವಳು. ಯಾವ ಕೆಲಸ ಮಾಡುವಾಗಲೂ ಮುಂದಿನ ಹೆಜ್ಜೆಯನ್ನು ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ಅವಳಿಗೆ. ನನಗೆ ನಗು ಬರುತ್ತಿತ್ತು. ಸೊಪ್ಪು ಮಾರುವವರ ಹಾಗೆ ಯಾಕ ಕೂಗ್ತಿ ಎಂದರೆ, "ಕೂಗದೆ ಇದ್ರೆ ಸೊಪ್ಪು ಹೋಗಲ್ಲ ಅನ್ನಾ" ಎನ್ನುತ್ತಿದ್ದಳು.

ಲೆಕ್ಕ, ನಕ್ಷೆ, ಕೇಬಲ್ಲಿನ ದಪ್ಪ, ಎಲ್ಲ ನನಗೆ ಬೇಗ ಹತ್ತಿತು. ತೊಂದರೆ ಬಂದದ್ದು ಗೊತ್ತಿಲ್ಲದ್ದರಿಂದ ಅಲ್ಲ, ಗೊತ್ತಿದ್ದುದರಿಂದ. ನಮ್ಮ ರಿವೈಂಡಿಂಗ್ ಕಸಬಿನಲ್ಲಿ ಒಂದು ಚಟವಿದೆ. ತಂತಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ಮೀಟರ್ ಹುಡುಕುವ ಬದಲು ತುದಿಯನ್ನು ಚಕ್ಕನೆ ತಾಗಿಸಿ, ಚಕ್ಕನೆ ಎಳೆದು, ಕಿಡಿ ನೋಡುತ್ತೇವೆ. ಕಿಡಿ ಕಂಡರೆ ಜೀವ ಇದೆ. ಸೇಡಮಿನಿಂದ ಚಿಂಚೋಳಿವರೆಗೆ ಯಾವ ಅಂಗಡಿಗೆ ಹೋದರೂ ಇದೇ ಪದ್ಧತಿ. ಮನೆಯ ಕರೆಂಟು, ಅಂದರೆ ಎ.ಸಿ., ಉಸಿರು ಬಿಟ್ಟು ಬಿಟ್ಟು ಓಡುವ ಕುದುರೆ. ನಡುವೆ ಉಸಿರು ಬಿಟ್ಟಾಗ ಕಿಡಿ ಸಾಯುತ್ತದೆ. ಪ್ಯಾನೆಲ್ಲಿನಿಂದ ಬರುವ ಡಿ.ಸಿ. ಉಸಿರೇ ಬಿಡುವುದಿಲ್ಲ. ಒಮ್ಮೆ ಕಿಡಿ ಹುಟ್ಟಿತೆಂದರೆ ಅದು ಜ್ವಾಲೆಯಾಗಿ ನಿಲ್ಲುತ್ತದೆ. ಟ್ರೇನರ್ ಇದನ್ನು ಹೇಳಿದಾಗ ನಾನು ತಲೆ ಆಡಿಸಿ ಬರೆದುಕೊಂಡೂ ಇದ್ದೆ. ಬರೆದುಕೊಂಡದ್ದು ತಲೆ. ಕೈಗೆ ಓದು ಬರುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಸಣ್ಣ ಆಳು, ದೊಡ್ಡ ಟೋಪಿ. ನಡೆಯುತ್ತಿರುವ ಆರು ಪ್ಯಾನೆಲ್ಲಿನ ಸಾಲೊಂದನ್ನು ತೋರಿಸಿ, ಅದರಲ್ಲಿ ಒಂದು ಪ್ಯಾನೆಲ್ಲನ್ನು ಬಿಚ್ಚಿ ಬದಲಿಸಿ ಅಂದರು. ಕ್ರಮ ಇಷ್ಟೇ: ಮೊದಲು ಡಿ.ಸಿ.ಯನ್ನು ಎ.ಸಿ. ಮಾಡುವ ಇನ್ವರ್ಟರ್ ಬಂದ್, ಆಮೇಲೆ ಎ.ಸಿ. ಸ್ವಿಚ್ಚು, ಆಮೇಲೆ ಡಿ.ಸಿ. ಸ್ವಿಚ್ಚು, ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟು ಸೊನ್ನೆ ಆಯಿತೇ ಎಂದು ನೋಡುವುದು, ಕೊನೆಗೆ ಕನೆಕ್ಟರ್ ಬಿಚ್ಚುವುದು. ನನ್ನ ತಲೆ ಮೊದಲನೆಯ ಹೆಜ್ಜೆಯಲ್ಲಿ ಇರುವಾಗಲೇ ಕೈ ಕೊನೆಯದಕ್ಕೆ ಹೋಗಿತ್ತು. ಕನೆಕ್ಟರ್ ಎಳೆದೆ. ನೀಲಿ ಬೆಳಕು ಚರ್ರೆಂದು ನಿಂತಿತು, ಪ್ಲಾಸ್ಟಿಕ್ ಕರಗಿದ ವಾಸನೆ ಬಂತು. ಕೈಗವಸು ಇದ್ದುದರಿಂದ ಕೈ ಉಳಿಯಿತು.

"ಸಾಕು. ಇಳೀರಿ," ಎಂದರು ಪರೀಕ್ಷಕರು.

ಇಳಿದೆ. ಇಳಿದವನು ಸುಮ್ಮನಿರಬೇಕಿತ್ತು. ವ್ಯಾಪಾರದ ಬಾಯಿ ಸುಮ್ಮನಿರುವುದಿಲ್ಲ. "ಸರ್, ಉಳಿದದ್ದೆಲ್ಲಾ ಬರಾಬರ್ ಮಾಡ್ತೀನಿ. ಇದೊಂದಕ್ಕ ಅರ್ಧ ಮಾರ್ಕ್ಸ್ ಹಿಡೀರಿ" ಎಂದೆ.

ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಜೀವ ಅರ್ಧ ಹೋಗ್ತದೇನ್ರಿ?"

ಕುಂಚಾವರಂನವಳು ಅವತ್ತೇ ಪಾಸಾದಳು. ಹೆಜ್ಜೆ ಹೆಜ್ಜೆಯನ್ನೂ ಕೂಗಿ ಹೇಳಿ ಪಾಸಾದಳು. ನನಗೆ ಟ್ರೇನರ್ ಒಂದು ದಾರಿ ತೋರಿಸಿದರು. ಪರೀಕ್ಷಕರು ಸಂಕ್ರಾಂತಿಯ ಹೊತ್ತಿಗೆ ಮತ್ತೆ ಈ ಕಡೆ ಬರುವವರಿದ್ದರು. ಅಷ್ಟರೊಳಗೆ ಟ್ರೇನರ್ ಉಸ್ತುವಾರಿಯಲ್ಲಿ ನಾನು ಒಂದು ನಿಜವಾದ ಮನೆಗೆ ಪ್ಯಾನೆಲ್ ಕೂರಿಸಿದ್ದರೆ ಅದೇ ಮಾಳಿಗೆಯ ಮೇಲೆ ಮರುಪರೀಕ್ಷೆ. ಮನೆ ಸಿಗದಿದ್ದರೆ ಹೊಸ ಬ್ಯಾಚು, ಮೊದಲಿನಿಂದ. ಮೊದಲಿನಿಂದ ಶುರು ಮಾಡಲು ನನ್ನ ಹತ್ತಿರ ಮಾರುವ ಯಂತ್ರ ಉಳಿದಿರಲಿಲ್ಲ.

ಕೂಲಿ ಬಿಟ್ಟಿ ಕೊಡುತ್ತೇನೆ, ಸಾಮಾನು ಗುತ್ತಿಗೆದಾರನದು ಎಂದು ಸಾರುತ್ತಾ ಹೊರಟೆ. ವಾಡಿಯಲ್ಲಿ ಒಬ್ಬರು ನೋಡೋಣ ಅಂದರು. ಶಹಾಬಾದಿನಲ್ಲಿ ಒಬ್ಬರು ಮಗಳ ಮದುವೆ ಆಗಲಿ ಅಂದರು, ಮಗಳಿನ್ನೂ ಹೈಸ್ಕೂಲು. ಕೊನೆಗೆ ಟ್ರೇನರೇ ಒಂದು ವಿಳಾಸ ಕೊಟ್ಟರು, ನಗುತ್ತಲೇ ಕೊಟ್ಟರು. ಚಿತ್ತಾಪುರದ ನಿವೃತ್ತ ಗಣಿತದ ಟೀಚರ್. ಮೂರು ಕಂಪನಿಯವರು ಹೋಗಿ ವಾಪಸು ಬಂದ ಮನೆ.

ಹೋದೆ. ಹಣೆಗೆ ಅಂಗಾರದ ಕಪ್ಪು ಗೆರೆ, ಅಕ್ಷತೆಯ ಬೊಟ್ಟು, ಮೂಗಿಗೆ ದಪ್ಪ ಕನ್ನಡಕ, ಕೈಯಲ್ಲಿ ವಿದ್ಯುತ್ ಬಿಲ್ಲು. ಕುಂದ್ರಿ ಎಂದವರೇ ಪಾಠ ಕೇಳುವವರ ಹಾಗೆ ಕೇಳಿದರು. "ಕರೆಂಟ್ ಹೋದಾಗ ಇದರಿಂದ ಫ್ಯಾನ್ ತಿರುಗ್ತದೇನು?"

ತಿರುಗುತ್ತದೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮನೆ ಬೇಕಿತ್ತು ನನಗೆ. ಆದರೆ ವ್ಯಾಪಾರದಲ್ಲಿ ನಾನು ಕಲಿತ ಒಂದು ಲೆಕ್ಕವಿದೆ: ಸುಳ್ಳು ಒಂದು ಮನೆ ಕೊಡುತ್ತದೆ, ಓಣಿ ಕಸಿದುಕೊಳ್ಳುತ್ತದೆ. "ಇಲ್ರಿ ಟೀಚರ್. ಬ್ಯಾಟ್ರಿ ಇಲ್ಲದ ಸಿಸ್ಟಮ್ ಇದು. ಲೈನ್ ಹೋದ್ರ ಇದೂ ಬಂದ್ ಆಗ್ತದ. ಕಂಬದ ಮ್ಯಾಲೆ ಕೆಲಸ ಮಾಡೋ ಲೈನ್‌ಮನ್‌ಗೆ ಹೊಡೀಬಾರ್ದಂತ ಹಾಂಗ ಮಾಡ್ಯಾರ."

"ಮೊದಲು ಬಂದವರು ಇಬ್ಬರು ತಿರುಗ್ತದ ಅಂದ್ರು," ಎಂದರು ಟೀಚರ್. ಒಳಗಿನಿಂದ ಚಹಾ ಬಂತು. ಅರ್ಧ ಗೆದ್ದೆ ಅಂದುಕೊಂಡೆ.

ಉಳಿದರ್ಧ ಮಾಳಿಗೆಯ ಮೇಲಿತ್ತು. ಪ್ಯಾನೆಲ್ ಯಾವ ಕಡೆ ಮುಖ ಮಾಡುತ್ತವೆ ಎಂದು ಕೇಳಿದರು. ದಕ್ಷಿಣಕ್ಕೆ ಎಂದೆ. ಅವರ ಮುಖ ಪಟ್ಟನೆ ಮುಚ್ಚಿತು.

"ಅದು ಯಮನ ದಿಕ್ಕು. ನಾನು ಆ ಕಡೆ ಕಾಲು ಚಾಚಿ ಮಲಗಂಗಿಲ್ಲ, ಆ ಕಡೆ ಬಾಗಿಲ ಇಡಸಲಿಲ್ಲ. ನೆತ್ತಿ ಮ್ಯಾಲೆ ಆರು ಕನ್ನಡಿ ಆ ಕಡೆ ನೋಡ್ಕೋತ ಕುಂದ್ರಬೇಕೇನು? ಪೂರ್ವಕ್ಕ ಹಾಕ್ರಿ. ಸೂರ್ಯನಾರಾಯಣ ಹುಟ್ಟೋದು ಅಲ್ಲಿ."

ಮೂರು ಕಂಪನಿಯವರು ಬಿದ್ದ ಗುಂಡಿ ಇದು. ನನಗೆ ಗೊತ್ತಿದ್ದ ದೇವರನ್ನು ಕರೆದೆ. "ದಕ್ಷಿಣಾಮೂರ್ತಿ ಅಂತ ಸ್ವಾಮಿನೇ ಇದ್ದಾನಲ್ರಿ ಟೀಚರ್, ದಕ್ಷಿಣಕ್ಕ ಮುಖ ಮಾಡಿ ಕುಂತಾನ."

"ಅದು ಶೈವರ ದೇವರು," ಎಂದರು ಟೀಚರ್. "ನಾವು ಮಾಧ್ವರು. ಇನ್ನೊಂದು ಚಹಾ ತಗೋರಿ, ರೈಲಿಗೆ ಇನ್ನಾ ಹೊತ್ತದ."

ಅಂದರೆ ಎದ್ದು ಹೋಗು ಅಂತ. ಟ್ರೇನರಿಗೆ ಫೋನು ಮಾಡಿ ಪೂರ್ವಕ್ಕೇ ಹಾಕಿದರೆ ಹೇಗೆ ಎಂದು ಕೇಳಿದೆ. ಗಿರಾಕಿಗೆ ನಷ್ಟವಾಗುವ ಕೆಲಸಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ಫೋನು ಇಟ್ಟುಬಿಟ್ಟರು. ರೈಲಿನಲ್ಲಿ ಬರುತ್ತಾ ಕುಂಚಾವರಂನವಳಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ. ಅವಳು ನಕ್ಕಳು. "ಲೆಕ್ಕದ ಟೀಚರ್ ಜೊತೆ ದೇವರ ಮಾತು ಆಡ್ತಿಯಲ್ಲ ಅನ್ನಾ. ಲೆಕ್ಕದ ಮಾತು ಆಡು."

ಆ ಮಾತಿನಿಂದ ನನ್ನ ತೀರ್ಮಾನ ಹುಟ್ಟಿತು. ಇನ್ನು ವಾದ ಬೇಡ, ಪಂದ್ಯ ಕಟ್ಟೋಣ. ಅಂಗಡಿಯಲ್ಲಿದ್ದ ಎರಡು ಸಣ್ಣ ಪ್ಯಾನೆಲ್, ಎರಡು ಡಿ.ಸಿ. ಫ್ಯಾನ್ ತೆಗೆದುಕೊಂಡು ಮರಳಿ ಚಿತ್ತಾಪುರಕ್ಕೆ ಹೋದೆ. ಟೀಚರ ಮಾಳಿಗೆಯ ಮೇಲೆ ಒಂದನ್ನು ಪೂರ್ವಕ್ಕೆ, ಒಂದನ್ನು ದಕ್ಷಿಣಕ್ಕೆ ವಾಲಿಸಿ ಇಟ್ಟು, ಒಂದೊಂದಕ್ಕೆ ಒಂದೊಂದು ಫ್ಯಾನ್ ಕಟ್ಟಿದೆ. "ನೀವೇ ನೋಡ್ರಿ. ಸಂಜಿತನ ಯಾವುದು ಹೆಚ್ಚು ತಿರುಗ್ತದೋ ಆ ಕಡಿ ಹಾಕೋಣ. ಪೂರ್ವ ಗೆದ್ರ ನಾ ಮಾತೇ ಆಡಂಗಿಲ್ಲ."

ಟೀಚರ್ ಕುರ್ಚಿ ತರಿಸಿದರು. ಮಾಗಿಯ ಬೆಳಗು, ತೊಗರಿ ಹೊಲಗಳ ಕಡೆಯಿಂದ ತಣ್ಣನೆ ಗಾಳಿ. ಸೂರ್ಯ ಏಳುತ್ತಲೇ ಪೂರ್ವದ ಫ್ಯಾನು ಗಿರ್ರೆಂದು ತಿರುಗಿತು, ದಕ್ಷಿಣದ್ದು ಸೋಮಾರಿಯ ಹಾಗೆ ಒಂದೊಂದೇ ಸುತ್ತು. ಟೀಚರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಏನಪಾ, ನಿಮ್ಮ ಫ್ಯಾನಿಗೆ ಇನ್ನಾ ನಿದ್ದಿ ಹರದಿಲ್ಲೇನು?" ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕಲು ಬಂದವರು ಹಪ್ಪಳ ಬಿಟ್ಟು ಇದನ್ನೇ ನೋಡತೊಡಗಿದರು. ಅವರೂ ಪೂರ್ವದ ಪಾರ್ಟಿ.

ಬಿಸಿಲು ಏರಿದಂತೆ ದಕ್ಷಿಣದ್ದು ಸಮ ಮಾಡಿಕೊಂಡಿತು. ಮಧ್ಯಾಹ್ನ ದಾಟಿದ ಮೇಲೆ ಪೂರ್ವದ್ದು ಕುಂಟತೊಡಗಿತು, ಇನ್ನಷ್ಟು ಹೊತ್ತಿಗೆ ನಿಂತೇಬಿಟ್ಟಿತು. ದಕ್ಷಿಣದ್ದು ಸಂಜೆಯ ಹತ್ತಿರದವರೆಗೂ ಓಡಿತು. ಟೀಚರ್ ಎದ್ದು ಪೂರ್ವದ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಳ್ಳಿ ನೋಡಿದರು. ಅದು ಅರ್ಧ ಸುತ್ತು ತಿರುಗಿ ಮತ್ತೆ ನಿಂತಿತು.

ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದರು. "ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ. ಬ್ಯಾಸಗ್ಯಾಗ ಈ ಪಂದ್ಯ ಆಡಿದ್ರ?"

ಹಿಡಿದರು. ಆಗ ಸೂರ್ಯ ನೆತ್ತಿಯ ಮೇಲೆ ಬಂದು, ಕೆಲವು ವಾರ ಉತ್ತರಕ್ಕೂ ಸರಿಯುತ್ತಾನೆ, ದಕ್ಷಿಣದ ಜೋರು ಇಷ್ಟು ಕಾಣುವುದಿಲ್ಲ. ಇದು ಗೊತ್ತಿದ್ದೇ ನಾನು ಅವಸರ ಮಾಡಿದ್ದೆ. "ಬ್ಯಾಸಗ್ಯಾಗ ಫರಕ್ ಭಾಳ ಇರಂಗಿಲ್ರಿ. ವರ್ಷದ ಲೆಕ್ಕ ಕೂಡಿದ್ರ ದಕ್ಷಿಣನೇ ಮುಂದ. ಆದ್ರ ಇವತ್ತಿನಷ್ಟು ಮುಂದ ಅಲ್ಲ," ಎಂದೆ.

"ಹಾಂ. ಈಗ ಲೆಕ್ಕ ಕೂಡಿತು," ಎಂದರು. "ಮನಸ್ಸು ಇನ್ನಾ ಕೂಡಿಲ್ಲ. ನಾಳೆ ಹೇಳ್ತೀನಿ."

ಮರುದಿನ ಅವರೇ ಫೋನು ಮಾಡಿದರು. ದನಿಯಲ್ಲಿ ನಗುವಿತ್ತು. ಸಂಜೆ ಪ್ರಾಣದೇವರ ಗುಡಿಗೆ ಹೋಗಿದ್ದರಂತೆ, ನಮ್ಮಲ್ಲಿ ಹಣಮಪ್ಪ ಅನ್ನುವ ದೇವರ ಗುಡಿಗೆ. "ಇಷ್ಟು ವರ್ಷ ಪ್ರದಕ್ಷಿಣಿ ಹಾಕಿದ್ರೂ ಲಕ್ಷ್ಯಕ್ಕ ಬಂದಿದ್ದಿಲ್ಲ ನೋಡ್ರಿ. ನಮ್ಮ ಪ್ರಾಣದೇವರು ದಕ್ಷಿಣಕ್ಕೇ ಮುಖ ಮಾಡಿ ನಿಂತಾನ, ಲಂಕಾದ ಕಡೆ. ಅವಗಿಲ್ಲದ ಅಂಜಿಕಿ ನನಗ್ಯಾಕ. ಬರ್ರಿ, ಹಾಕ್ರಿ." ನಾನು ಉಸಿರು ಬಿಡುವ ಮುಂಚೆಯೇ ಮುಂದುವರಿಸಿದರು. "ಆದ್ರ ನೀವು ಮೋಟರ್ ಕಟ್ಟೋರು ಅಂತ ಕೇಳೀನಿ. ಒಂದು ಮಿಕ್ಸರ್ ಅದ, ಎರಡು ಫ್ಯಾನ್ ಅವ, ನೀರಿನ ಪಂಪ್ ಜರಾ ಸದ್ದು ಮಾಡ್ತದ." ಇಪ್ಪತ್ತು ವರ್ಷ ಚೌಕಾಶಿ ಮಾಡಿ ಬದುಕಿದವನು ನಾನು. ಅವತ್ತು ಎಲ್ಲಕ್ಕೂ ಹೂಂ ಅಂದೆ.

ಕೆಲಸಕ್ಕೆ ಜೊತೆ ಬೇಕಿತ್ತು. ಕುಂಚಾವರಂನವಳು ಬಿಟ್ಟಿ ಬರಲು ಒಪ್ಪಲಿಲ್ಲ. ಗಡಿಯ ಕಡೆಯ ಕೆಲಸ ಯಾವಾಗ ಸಿಕ್ಕರೂ ಅರ್ಧ ಪಾಲು ತನ್ನದು ಎಂದು ಮಾತು ತೆಗೆದುಕೊಂಡೇ ಬಸ್ ಹತ್ತಿದಳು. ನ್ಯಾಯವೇ. ಅಲ್ಲಿ ತೆಲುಗು ಬಾರದವನಿಗೆ ಏಣಿಯೂ ಸಿಗುವುದಿಲ್ಲ.

ನಮ್ಮ ಕಡೆಯ ಹಳೆಯ ಮಾಳಿಗೆಗಳು ಫರ್ಸಿ ಕಲ್ಲಿನವು: ಕಬ್ಬಿಣದ ಗರ್ಡರುಗಳ ಮೇಲೆ ಶಹಾಬಾದಿ ಹಾಸುಗಲ್ಲು. ಪುಸ್ತಕದಲ್ಲಿ ಬರೆದ ಹಾಗೆ ಡ್ರಿಲ್ ಮಾಡಿ ಬೋಲ್ಟು ಬಡಿದರೆ ಕಲ್ಲು ಪದರ ಪದರವಾಗಿ ಸೀಳುತ್ತದೆ, ಮಳೆಗಾಲದಲ್ಲಿ ಮನೆಯೊಳಗೆ ನೀರು. ಅದಕ್ಕೆ ಟ್ರೇನರ್ ತೂಕದ ಪದ್ಧತಿ ಹೇಳಿಕೊಟ್ಟಿದ್ದರು. ಸ್ಟ್ಯಾಂಡಿನ ಕಾಲುಗಳನ್ನು ಕಾಂಕ್ರೀಟ್ ದಿಮ್ಮಿಗಳಿಗೆ ಬಿಗಿದು, ದಿಮ್ಮಿಯ ಕೆಳಗೆ ರಬ್ಬರ್ ಹಾಸಿ, ಸರಿಯಾಗಿ ಗರ್ಡರಿನ ನೆತ್ತಿಯ ಮೇಲೆ ಇಡುವುದು. ಗಾಳಿ ಎಷ್ಟು ಎತ್ತುತ್ತದೆ, ದಿಮ್ಮಿ ಎಷ್ಟು ತೂಗಬೇಕು, ಗರ್ಡರ್ ಎಷ್ಟು ತಾಳುತ್ತದೆ ಎಂಬ ಲೆಕ್ಕಕ್ಕೆ ಟೀಚರ್ ಕೆಂಪು ಪೆನ್ನು ತಂದರು. ಒಂದು ಕಡೆ ಕೂಡಿಸಿದ್ದು ತಪ್ಪಿತ್ತು, ತಿದ್ದಿಸಿಯೇ ಬಿಟ್ಟರು.

ಸಿಕ್ಕಿಹಾಕಿಕೊಂಡದ್ದು ಅರ್ಥಿಂಗಿನಲ್ಲಿ. ಭೂಮಿಗೆ ಕರೆಂಟು ಇಳಿಸುವ ಗುಂಡಿ ಆಳ ಬೇಕು. ಅಂಗಳದಲ್ಲಿ ಮೊಣಕಾಲಿನಷ್ಟು ಅಗೆದರೆ ಠಣ್ ಅನ್ನುತ್ತದೆ, ಕೆಳಗೆ ಬಂಡೆ. ಎರಡು ಕಡೆ ತೋಡಿದೆವು, ಎರಡೂ ಕಡೆ ಠಣ್. ಮೂರನೆಯದಕ್ಕೆ ಕುಂಚಾವರಂನವಳು ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದು, ಬಚ್ಚಲ ನೀರು ಹರಿಯುವ ಕಡೆ ಬಾಳೆಗಿಡ ದಪ್ಪಗೆ ಬೆಳೆದಿದೆ, ಅಲ್ಲಿ ಮಣ್ಣು ಆಳ ಇರಲೇಬೇಕು ಎಂದಳು. ಇತ್ತು. ಹಸಿ ಬೇರೆ ಇತ್ತು. ಗುಂಡಿಗಳನ್ನು ಆ ಕಡೆಯೇ ಸಾಲಾಗಿ ತೋಡಿದೆವು, ಮೀಟರಿನ ಮುಳ್ಳು ಬೇಕಾದ ಕಡೆ ಬಂದು ನಿಂತಿತು. ಒಂದು ಬಾಳೆಗಿಡ ಹೋಯಿತು. ಟೀಚರ್ ಆ ಗೊನೆಯ ಲೆಕ್ಕವನ್ನೂ ರಿಪೇರಿಯಲ್ಲಿ ಸೇರಿಸಿದರು, ಒಂದು ಇಸ್ತ್ರಿ ಪೆಟ್ಟಿಗೆ ಹೆಚ್ಚಾಯಿತು.

ಸಂಕ್ರಾಂತಿಯ ಎಳ್ಳು ಬೆಲ್ಲ ಮನೆಯಲ್ಲಿ ಇರುವಾಗಲೇ ಪರೀಕ್ಷಕರು ಬಂದರು. ಅದೇ ದೊಡ್ಡ ಟೋಪಿ. ಟೀಚರ್ ನನಗಿಂತ ಮುಂಚೆ ಮಾಳಿಗೆ ಹತ್ತಿ ಕುರ್ಚಿ ಹಾಕಿಕೊಂಡಿದ್ದರು. ಪಕ್ಕದ ಮಾಳಿಗೆಯವರು ಏನೋ ಕೇಳಲು ಹೋದರೆ, "ಪರೀಕ್ಷಾ ನಡದದ. ಸದ್ದು ಮಾಡಬ್ಯಾಡ್ರಿ" ಎಂದು ಗದರಿದರು. ಪರೀಕ್ಷಕರೂ ತಮ್ಮ ಫೋನನ್ನು ಸೈಲೆಂಟಿಗೆ ಹಾಕಿದರು.

ಕೊಟ್ಟದ್ದು ಅದೇ ಕೆಲಸ: ನಡೆಯುತ್ತಿರುವ ಸಾಲಿನಲ್ಲಿ ಒಂದು ಪ್ಯಾನೆಲ್ ಬಿಚ್ಚಿ ಹಾಕಿ. ಕನೆಕ್ಟರ್ ಕಂಡ ಕೂಡಲೇ ಬಲಗೈ ಬೆರಳುಗಳು ತುರಿಸಿದವು, ಸುಳ್ಳಲ್ಲ. ನಾನು ಬಾಯಿ ತೆರೆದೆ. "ಇನ್ವರ್ಟರ್ ಬಂದ್ ಮಾಡಾಕತ್ತೀನಿ." ಮಾಡಿದೆ. "ಎ.ಸಿ. ಸ್ವಿಚ್ ಬಂದ್." ಮಾಡಿದೆ. "ಡಿ.ಸಿ. ಸ್ವಿಚ್ ಬಂದ್. ಬೀಗ ಹಾಕಿ ಚೀಟಿ ಕಟ್ಟಾಕತ್ತೀನಿ." ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಕುಂಚಾವರಂನವಳು ಏಣಿಯ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಕ್ಲ್ಯಾಂಪ್ ಮೀಟರ್ ಹಾಕೀನಿ. ಸೊನ್ನಿ."

"ಯಾಕ ಇಷ್ಟು ಕೂಗ್ತೀರಿ?" ಎಂದರು ಪರೀಕ್ಷಕರು.

"ಬಾಯಿ ಖಾಲಿ ಬಿಟ್ರ ನನ್ನ ಕೈ ಮುಂದ ಓಡ್ತದ್ರಿ ಸರ್."

ಕನೆಕ್ಟರಿಗೆ ಅದರದೇ ಕೀಲಿ ಹಾಕಿ ಬಿಚ್ಚಿದೆ. ಬೆಳಕಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಆ ಏನೂ ಆಗದೇ ಇದ್ದುದರಷ್ಟು ಚೆಂದದ್ದನ್ನು ನಾನು ಈ ಕಸಬಿನಲ್ಲಿ ಕಂಡಿಲ್ಲ. ಪ್ಯಾನೆಲ್ ಬದಲಿಸಿ, ಪ್ಲಸ್ಸು ಮೈನಸ್ಸು ಅಳೆದು, ಬೀಗ ತೆಗೆದು ಕ್ರಮವಾಗಿ ಮತ್ತೆ ಚಾಲೂ ಮಾಡಿದೆ. ಇನ್ವರ್ಟರಿನ ಹಸಿರು ದೀಪ ಒಂದೆರಡು ಸಲ ಮಿನುಗಿ ಸ್ಥಿರವಾಗಿ ಉರಿಯತೊಡಗಿತು.

ಪರೀಕ್ಷಕರು ದಿಮ್ಮಿಗಳನ್ನು ಒದ್ದು ನೋಡಿದರು, ಗುಂಡಿಗಳನ್ನು ನೋಡಿದರು, ಬರೆದುಕೊಂಡರು. "ಪಾಸ್," ಎಂದರು.

"ಎಷ್ಟಕ್ಕ ಎಷ್ಟು?" ಎಂದು ಕೇಳಿದವರು ಟೀಚರ್. ಹಾಗೆಲ್ಲ ಹೇಳುವಂತಿಲ್ಲ ಎಂದರೂ ಬಿಡಲಿಲ್ಲ. ಕೊನೆಗೆ ಪರೀಕ್ಷಕರು ಹಾಳೆ ತೋರಿಸಬೇಕಾಯಿತು. ಟೀಚರ್ ಅದನ್ನು ಪೂರ್ತಿ ಓದಿ, ಎಲ್ಲರನ್ನೂ ಹೋಳಿಗೆ ಊಟಕ್ಕೆ ಕೆಳಗೆ ಕರೆದರು. ಕೆಳಗೆ ಫ್ಯಾನು ತಿರುಗುತ್ತಿತ್ತು, ನಾನೇ ತಂತಿ ಸುತ್ತಿ ರಿಪೇರಿ ಮಾಡಿದ್ದು. ಮನೆಗೆ ಫೋನು ಮಾಡಿ ಪಾಸಾದೆ ಅಂದೆ. "ಹಂಗಾದ್ರ ಬಿಸಿಲು ಕೊಂಡ್ರಿ ಅನ್ರಿ. ರಾತ್ರಿ ಊಟಕ್ಕ ಬರ್ತೀರೋ, ಅಲ್ಲೇ ಉಂಡೀರೋ?" ಎಂದಳು ಹೆಂಡತಿ. ಹೋಳಿಗೆ ಬಾಯಲ್ಲಿದ್ದುದರಿಂದ ಉತ್ತರ ಅವಳಿಗೆ ತಾನಾಗಿಯೇ ಸಿಕ್ಕಿತು.

ಈಗ ನೀವು ಈ ಕೆಲಸಕ್ಕೆ ಇಳಿಯುವವರಾದರೆ ನನ್ನ ನಾಲ್ಕು ಮಾತು ಕೇಳಿ. ಹಳೆಯ ಕಸಬಿನ ಯಂತ್ರ ಅವಸರಕ್ಕೆ ಮಾರಬೇಡಿ, ನಾನು ನನ್ನದನ್ನು ಮತ್ತೆ ಕೊಳ್ಳಲು ಹೋದಾಗ ಕೊಂಡವನು ನನ್ನ ಹತ್ತಿರವೇ ಚೌಕಾಶಿ ಮಾಡಿದ. ಮೊದಲೇ ಕರೆಂಟಿನ ಕೆಲಸ ಬಲ್ಲವರಾದರೆ ಇನ್ನೂ ಜೋಪಾನ, ನಿಮ್ಮ ಕೈಗೆ ಹೊಸದನ್ನು ಕಲಿಸುವುದಕ್ಕಿಂತ ಹಳೆಯದನ್ನು ಮರೆಸುವುದು ಕಷ್ಟ. ನಾಚಿಕೆ ಬಿಟ್ಟು ಹೆಜ್ಜೆಗಳನ್ನು ಕೂಗಿ. ಕೇಬಲ್ಲಿನಲ್ಲಿ, ಪೈಪಿನಲ್ಲಿ ಉಳಿಸಲು ನೋಡಿದರೂ ಅರ್ಥಿಂಗಿನಲ್ಲಿ ಒಂದು ಕಾಸೂ ಉಳಿಸಬೇಡಿ. ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದಾಗ ಫ್ಯಾನು ತಿರುಗುವುದಿಲ್ಲ ಎಂದು ಗಿರಾಕಿ ಕೇಳುವ ಮುಂಚೆ ನೀವೇ ಹೇಳಿ. ವಾಡಿ, ಕೋಡ್ಲಾದಂಥ ಸಿಮೆಂಟಿನ ಧೂಳಿನ ಊರುಗಳಲ್ಲಿ ಪ್ಯಾನೆಲ್ ತೊಳೆಯುವುದನ್ನು ಮನೆಯವರಿಗೆ ಕಲಿಸಿಯೇ ಬನ್ನಿ. ಇಬ್ಬನಿ ಬಿದ್ದ ಧೂಳು ಬಿಸಿಲಿಗೆ ಗೋಡೆಯ ಗಿಲಾವಿನ ಹಾಗೆ ಗಟ್ಟಿಯಾಗುತ್ತದೆ, ಆದ್ದರಿಂದ ನಸುಕಿನಲ್ಲೇ ಧಾರಾಳ ನೀರು ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು, ಕೆರೆಯಬಾರದು.

ಇನ್ನೊಂದು. ಮಾಳಿಗೆ ಹತ್ತುವ ಮುಂಚೆ ಮನೆಯವರ ಜೊತೆ ಕೂತು ಒಂದು ಚಹಾ ಕುಡಿಯಿರಿ. ಅವರ ಅಂಜಿಕೆ ಯಾವ ದಿಕ್ಕಿಗಿದೆ ಎಂದು ಕೇಳಿ ತಿಳಿದುಕೊಳ್ಳಿ. ದಿಕ್ಸೂಚಿ ಆಮೇಲೆ ತೆಗೆಯಿರಿ.